ಶ್ವಾಸಕೋಶದಲ್ಲಿ ಅನಿಲಗಳ ವಿನಿಮಯ: ತರಗತಿಯಲ್ಲಿ ಸ್ಪಷ್ಟಪಡಿಸಬೇಕಾದ ಅಂಶಗಳು



‘ಮನುಷ್ಯನು ಆಮ್ಲಜನಕವನ್ನು ಒಳಗೆ ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಹೊರಗೆ ಬಿಡುತ್ತಾನೆ’ ಎಂಬ ವಾಕ್ಯವನ್ನು ವಿದ್ಯಾರ್ಥಿಗಳು ಪ್ರಾಥಮಿಕ ಹಂತದಲ್ಲಿಯೇ ಕಂಠಪಾಠ ಮಾಡುತ್ತಾರೆ. ಇದು ಸುಳ್ಳಲ್ಲ, ಆದರೆ ಅಪೂರ್ಣ. ಒಳಗೆ ಹೋಗುವುದೂ ಗಾಳಿ, ಹೊರಗೆ ಬರುವುದೂ ಗಾಳಿಯೇ. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕವು ಶೇಕಡಾ 21ರಷ್ಟು, ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರಷ್ಟು ಇರುತ್ತವೆ. ಹೊರಬರುವ ಗಾಳಿಯಲ್ಲಿ ಅವು ಕ್ರಮವಾಗಿ ಸುಮಾರು ಶೇಕಡಾ 16 ಮತ್ತು 4 ಆಗುತ್ತವೆ. ಅಂದರೆ ಬಿಟ್ಟ ಉಸಿರಿನಲ್ಲಿಯೂ ಇಂಗಾಲದ ಡೈಆಕ್ಸೈಡಿಗಿಂತ ಆಮ್ಲಜನಕವೇ ಹೆಚ್ಚು. ಉಸಿರು ನಿಂತವನ ಬಾಯಿಗೆ ಬಾಯಿಟ್ಟು ಗಾಳಿ ಊದುವ ಪ್ರಥಮ ಚಿಕಿತ್ಸೆಯು ಸಾಧ್ಯವಾಗಿರುವುದು ಇದರಿಂದಲೇ.

ಈ ವ್ಯತ್ಯಾಸ ಉಂಟಾಗುವ ಸ್ಥಳವೇ ಗಾಳಿಗೂಡು. ಶ್ವಾಸನಾಳವು ಕವಲೊಡೆಯುತ್ತ ಹೋಗಿ, ಕೊನೆಗೆ ದ್ರಾಕ್ಷಿಗೊಂಚಲಿನಂತಿರುವ ಪುಟ್ಟ ಗೂಡುಗಳಲ್ಲಿ ಮುಗಿಯುತ್ತದೆ. ಎರಡು ಶ್ವಾಸಕೋಶಗಳಲ್ಲಿ ಇಂಥವು 30 ಕೋಟಿಗೂ ಮಿಗಿಲಾಗಿವೆ. ಅವುಗಳ ಒಳಮೈಯನ್ನು ಹರಡಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಅದು ಒಂದು ದೊಡ್ಡ ತರಗತಿ ಕೊಠಡಿಯ ನೆಲದಷ್ಟು. ಗಾಳಿಗೂಡನ್ನು ಲೋಮನಾಳಗಳು ಬಲೆಯಂತೆ ಸುತ್ತುವರಿದಿವೆ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆಯ ದಪ್ಪವು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ.

ಅನಿಲಗಳನ್ನು ಈ ಪೊರೆಯ ಮೂಲಕ ದಾಟಿಸುವವರು ಯಾರೂ ಇಲ್ಲ. ಪ್ರತಿಯೊಂದು ಅನಿಲವೂ ತನ್ನ ಒತ್ತಡ ಹೆಚ್ಚಿರುವೆಡೆಯಿಂದ ಕಡಿಮೆ ಇರುವೆಡೆಗೆ ತಾನಾಗಿ ಸಾಗುತ್ತದೆ, ಇದೇ ವಿಸರಣೆ. ಗಾಳಿಗೂಡಿನಲ್ಲಿ ಆಮ್ಲಜನಕದ ಒತ್ತಡವು ಸುಮಾರು 100 ಮಿಲಿಮೀಟರ್ ಪಾದರಸದಷ್ಟು. ದೇಹವನ್ನು ಸುತ್ತಿ ಬಂದ ರಕ್ತದಲ್ಲಿ ಸುಮಾರು 40. ಆದ್ದರಿಂದ ಆಮ್ಲಜನಕವು ರಕ್ತಕ್ಕೆ ಇಳಿಯುತ್ತದೆ. ಇಂಗಾಲದ ಡೈಆಕ್ಸೈಡಿನ ಒತ್ತಡವು ಆ ರಕ್ತದಲ್ಲಿ ಸುಮಾರು 46, ಗಾಳಿಗೂಡಿನಲ್ಲಿ 40. ಆದ್ದರಿಂದ ಅದು ಹೊರಕ್ಕೆ ಸಾಗುತ್ತದೆ. ಇಷ್ಟು ಅಲ್ಪ ಅಂತರ ಸಾಕಾಗುವುದು, ಅದು ಆಮ್ಲಜನಕಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಸುಲಭವಾಗಿ ವಿಸರಣೆ ಹೊಂದುವುದರಿಂದ. ವಿಶ್ರಾಂತಿಯಲ್ಲಿರುವಾಗ ರಕ್ತವು ಇಲ್ಲಿನ ಲೋಮನಾಳವನ್ನು ದಾಟಲು ತೆಗೆದುಕೊಳ್ಳುವ ಕಾಲ ಮುಕ್ಕಾಲು ಸೆಕೆಂಡು. ವಿನಿಮಯಕ್ಕೆ ಅದರ ಮೂರನೆಯ ಒಂದು ಭಾಗವೇ ಸಾಕು.

ಈ ತತ್ತ್ವವು ವಿವಾದವಿಲ್ಲದೆ ನೆಲೆಗೊಂಡದ್ದಲ್ಲ. ಡೆನ್ಮಾರ್ಕಿನ ಕ್ರಿಸ್ಟಿಯನ್ ಬೋರ್ ಎಂಬ ವಿಜ್ಞಾನಿಯು, ಶ್ವಾಸಕೋಶವು ಗ್ರಂಥಿಯಂತೆ ಆಮ್ಲಜನಕವನ್ನು ಸ್ರವಿಸುತ್ತದೆಂದು ನಂಬಿದ್ದನು. ಅವನ ಶಿಷ್ಯ ಆಗಸ್ಟ್ ಕ್ರೋಗ್, ಪತ್ನಿ ಮರೀ ಕ್ರೋಗ್ ಅವರೊಡಗೂಡಿ ಸೂಕ್ಷ್ಮವಾಗಿ ಅಳೆದು ನೋಡಿದಾಗ, ರಕ್ತದಲ್ಲಿನ ಆಮ್ಲಜನಕದ ಒತ್ತಡವು ಗಾಳಿಗೂಡಿನ ಒತ್ತಡವನ್ನು ಮೀರುವುದಿಲ್ಲವೆಂದು ಕಂಡುಬಂದಿತು. 1910ರಲ್ಲಿ ಆ ಫಲಿತಾಂಶಗಳು ಪ್ರಕಟವಾದವು. ಗುರುವಿನ ಮಾತನ್ನೂ ಅಳತೆಯಿಂದಲೇ ಪರೀಕ್ಷಿಸಬೇಕೆಂಬುದಕ್ಕೆ ತರಗತಿಯಲ್ಲಿ ಹೇಳಬಹುದಾದ ಒಳ್ಳೆಯ ನಿದರ್ಶನವಿದು.

ಗಡಿನಾಡಿನ ಶಾಲೆಗಳ ಭೂಗೋಳವೇ ಇಲ್ಲಿ ಪಾಠೋಪಕರಣವಾಗಬಲ್ಲದು. ಕಾಸರಗೋಡು ಸಮುದ್ರ ಮಟ್ಟದಲ್ಲಿದೆ. ನೀಲಗಿರಿಯ ಉದಕಮಂಡಲವು ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಎರಡೂ ಕಡೆ ಆಮ್ಲಜನಕವು ಶೇಕಡಾ 21ರಷ್ಟೇ. ಆದರೆ ವಾಯುವಿನ ಒಟ್ಟು ಒತ್ತಡವು ಕಾಸರಗೋಡಿನಲ್ಲಿ 760 ಮಿಲಿಮೀಟರ್, ಉದಕಮಂಡಲದಲ್ಲಿ ಸುಮಾರು 580. ಕರಾವಳಿಯಿಂದ ಬಂದವನು ಅಲ್ಲಿ ಏರುದಾರಿಯಲ್ಲಿ ಬೇಗನೆ ಏದುಸಿರು ಬಿಡುವುದು ಗಾಳಿಯಲ್ಲಿ ಆಮ್ಲಜನಕದ ಪಾಲು ಕುಗ್ಗಿದುದರಿಂದಲ್ಲ, ಅದನ್ನು ರಕ್ತಕ್ಕೆ ತಳ್ಳುವ ಒತ್ತಡ ಕುಗ್ಗಿದುದರಿಂದ.

‘ಶುದ್ಧ ರಕ್ತ’, ‘ಅಶುದ್ಧ ರಕ್ತ’ ಎಂಬ ರೂಢಿಯ ಪದಗಳನ್ನು ಎಚ್ಚರದಿಂದ ಬಳಸಬೇಕು. ಆಮ್ಲಜನಕದ ಬಹುಪಾಲು ಹೀಮೋಗ್ಲೋಬಿನ್ನಿಗೆ ಅಂಟಿಕೊಂಡು ಸಾಗುತ್ತದೆ. ಇಂಗಾಲದ ಡೈಆಕ್ಸೈಡಿನ ಸುಮಾರು ಶೇಕಡಾ 70 ಭಾಗ ಬೈಕಾರ್ಬೊನೇಟಾಗಿ ಸಾಗುತ್ತದೆ. ಅದು ಕೇವಲ ಕಸವಲ್ಲ. ರಕ್ತದಲ್ಲಿ ಅದರ ಪ್ರಮಾಣ ಏರಿದಾಗಲೇ ಮಿದುಳು ಉಸಿರಾಟವನ್ನು ತ್ವರಿತಗೊಳಿಸುತ್ತದೆ. ಉಸಿರು ಕಟ್ಟಿ ಹಿಡಿದಾಗ ತಡೆಯಲಾರದಂತೆ ಮಾಡುವುದೂ ಮುಖ್ಯವಾಗಿ ಅದೇ.

ಈ ಅಂಶವನ್ನು ತಿಳಿಸುವುದು ಪ್ರಾಣರಕ್ಷಣೆಯ ವಿಷಯವೂ ಹೌದು. ಚಳಿಯ ಪ್ರದೇಶದಲ್ಲಿ ಬಾಗಿಲು ಕಿಟಕಿ ಮುಚ್ಚಿ, ಒಳಗೆ ಇದ್ದಿಲಿನ ಕೆಂಡವಿಟ್ಟು ಮಲಗುವ ಅಭ್ಯಾಸವುಂಟು. ಕೆಂಡವು ಪೂರ್ಣವಾಗಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದೂ ಗಾಳಿಗೂಡಿನ ಪೊರೆಯನ್ನು ಸುಲಭವಾಗಿ ದಾಟಿ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹೀಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಎಂದಿನಂತೆ ಹೊರಹೋಗುತ್ತಿರುವುದರಿಂದ ಉಸಿರು ಕಟ್ಟಿದ ಭಾವನೆಯೇ ಬರುವುದಿಲ್ಲ. ಮಲಗಿದವರು ಏಳದೆ ಹೋಗಬಹುದು. ತಲೆನೋವು, ತಲೆಸುತ್ತು, ವಾಕರಿಕೆ ಕಂಡೊಡನೆ ಹೊರಗಾಳಿಗೆ ಬರಬೇಕು, ವೈದ್ಯರನ್ನು ಕಾಣಬೇಕು. ಈ ಮಾತು ವಿದ್ಯಾರ್ಥಿಯ ಮೂಲಕ ಮನೆಯನ್ನು ತಲುಪಬೇಕು.

ಪ್ರಯೋಗಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ಒಂದು ರಾತ್ರಿ ಮುಚ್ಚಿಟ್ಟು, ತಿಳಿಯನ್ನು ಎರಡು ಲೋಟಗಳಿಗೆ ಬಸಿಯಬೇಕು. ಒಂದಕ್ಕೆ ಸೈಕಲ್ ಪಂಪಿನಿಂದ ಕೊಠಡಿಯ ಗಾಳಿಯನ್ನು, ಇನ್ನೊಂದಕ್ಕೆ ಕೊಳವೆಯಿಂದ ಉಸಿರನ್ನು ಹಾಯಿಸಬೇಕು. ಉಸಿರು ಹಾಯಿಸಿದ ತಿಳಿನೀರು ಬೇಗನೆ ಹಾಲಿನಂತಾಗುತ್ತದೆ. ಊದಬೇಕೇ ಹೊರತು ಹೀರಬಾರದು. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸಬೇಕು.

ಕೊನೆಯದಾಗಿ ಪರಿಭಾಷೆಯ ಮಾತು. ಗಾಳಿಗೂಡು, ವಾಯುಕೋಶ, ಆಲ್ವಿಯೋಲೈ ಮೂರೂ ಒಂದೇ. ತಮ್ಮ ರಾಜ್ಯದ ಪಠ್ಯಪುಸ್ತಕದ ಪದವನ್ನು ಪರೀಕ್ಷೆಗಾಗಿ ನಿಗದಿಪಡಿಸಿ, ಉಳಿದವನ್ನು ಪಕ್ಕದಲ್ಲಿ ಬರೆಯಿಸುವುದು ಲೇಸು. ಮುಂದೆ ಬೇರೆ ಮಾಧ್ಯಮಕ್ಕೆ ಹೋಗುವ ವಿದ್ಯಾರ್ಥಿಗೆ ಹೊಸ ಪದ ಎದುರಾದರೂ ಅರಿವು ಹಳೆಯದಾಗಿಯೇ ಉಳಿಯುತ್ತದೆ.