ಮನೆಯೊಳಗೆ ಮುಚ್ಚಿಡಬೇಡಿ: ಆಟಿಸಂ ಇರುವ ಮಕ್ಕಳ ಬಗ್ಗೆ ನಾಲ್ಕು ಮಾತು

(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಹೆಚ್ಚು ಅಂಕ ಪಡೆದ ಮಕ್ಕಳನ್ನು ಇಂದು ವೇದಿಕೆಗೆ ಕರೆದು ಗೌರವಿಸಿದ್ದೇವೆ. ಸಂತೋಷ. ಆದರೆ ಕೆಲವು ಮನೆಗಳ ಹದಿನೇಳು, ಹದಿನೆಂಟು ವರ್ಷದ ಮಕ್ಕಳು ಇಂಥ ಸಮಾರಂಭಕ್ಕೆ ಬರುವುದೇ ಇಲ್ಲ. ನೆಂಟರು ಬಂದರೆ ಅವರನ್ನು ಒಳಕೋಣೆಗೆ ಕಳುಹಿಸುತ್ತಾರೆ. ಕೇಳಿದರೆ, “ಸರ್, ಇವನ ಅಕ್ಕನಿಗೆ ಗಂಡು ನೋಡುತ್ತಿದ್ದೇವೆ, ಹೊರಗೆ ಗೊತ್ತಾಗುವುದು ಬೇಡ” ಎನ್ನುತ್ತಾರೆ. ಆಟಿಸಂ ಇರುವ ಈ ಮಕ್ಕಳ ಪರವಾಗಿ ನಾವು ನಾಲ್ಕು ಮಾತು ಹೇಳುತ್ತೇವೆ.

ಆಟಿಸಂ ಅಂಟುವ ರೋಗವಲ್ಲ, ಯಾರ ದೃಷ್ಟಿಯೂ ತಾಗಿದ್ದಲ್ಲ, ತಾಯಿ ಸಾಕಿದ ರೀತಿಯಿಂದ ಬಂದದ್ದೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ. ಕೆಲವರಿಗೆ ಮಾತೇ ಬರುವುದಿಲ್ಲ, ಕೆಲವರು ಪದವಿ ಮುಗಿಸುತ್ತಾರೆ. ಒಬ್ಬರಂತೆ ಇನ್ನೊಬ್ಬರಿರುವುದಿಲ್ಲ.

ಮೊದಲು ನಂಬಿಕೆ. “ಒಂದು ನಿಮಿಷದಲ್ಲಿ ಬಂದೆ” ಎಂದು ಹೇಳಿ ನಾವು ಅರ್ಧ ಗಂಟೆ ಬಿಟ್ಟು ಬರುತ್ತೇವೆ. ಈ ಮಕ್ಕಳಲ್ಲಿ ಅನೇಕರು ಮಾತನ್ನು ಇದ್ದ ಹಾಗೆಯೇ ತೆಗೆದುಕೊಳ್ಳುತ್ತಾರೆ. ಗಡಿಯಾರ ನೋಡುತ್ತಾ ಕೂರುತ್ತಾರೆ. “ತಲೆ ತಿನ್ನಬೇಡ” ಎಂದರೆ ಗಾಬರಿಯಾಗುತ್ತಾರೆ. ಆದ್ದರಿಂದ ನೇರವಾಗಿ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಮದುವೆಗೆ ಕರೆದೊಯ್ಯುವುದಿದ್ದರೆ, ಎಲ್ಲಿಗೆ, ಯಾರ್ಯಾರು ಇರುತ್ತಾರೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಹಿಂದಿನ ದಿನವೇ ತಿಳಿಸಿ. ಸದ್ದಿಗೆ ಕಿವಿ ಮುಚ್ಚಿಕೊಂಡರೆ ಅದು ಹಠವಲ್ಲ, ಸಂಕಟ. ಸ್ವಲ್ಪ ಹೊತ್ತು ಹೊರಗೆ ಕರೆದುಕೊಂಡು ಹೋಗಿ.

ಎರಡನೆಯದು ಗೆಳೆತನ. ಇವರಿಗೆ ಸ್ನೇಹ ಬೇಡವೆಂದು ತಿಳಿಯಬೇಡಿ. ಅನೇಕರಿಗೆ ಬೇಕು, ಶುರು ಮಾಡುವುದು ಹೇಗೆಂದು ಗೊತ್ತಾಗುವುದಿಲ್ಲ. ಕ್ರಿಕೆಟ್ ಸ್ಕೋರು, ರೈಲಿನ ವೇಳಾಪಟ್ಟಿ, ಚಿತ್ರ ಬಿಡಿಸುವುದು, ಅವರಿಗೆ ಯಾವುದು ಇಷ್ಟವೋ ಅದರಿಂದಲೇ ಮಾತು ಆರಂಭಿಸಿ. ವಿದ್ಯಾರ್ಥಿಗಳೇ, ಕರುಣೆ ತೋರಿಸಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಹತ್ತು ಜನ ಬೇಕಿಲ್ಲ, ಒಬ್ಬ ಗೆಳೆಯ ಸಾಕು. ಪೋಷಕರು ಇನ್ನೊಂದನ್ನೂ ಕಲಿಸಬೇಕು: ದುಡ್ಡು ಕೇಳುವವನು, ಗುಟ್ಟಾಗಿ ಮೈ ಮುಟ್ಟುವವನು ಗೆಳೆಯನಲ್ಲ. “ಬೇಡ” ಎನ್ನಲು, ಮನೆಗೆ ಬಂದು ಹೇಳಲು ಅವರಿಗೆ ಬರಬೇಕು.

ಮೂರನೆಯದು ಸ್ವಾವಲಂಬನೆ. ಅಂಗಡಿಯಿಂದ ಹಾಲು ತರುವುದು ನಮಗೆ ಒಂದು ಕೆಲಸ. ಅವರಿಗೆ ಆರು ಕೆಲಸ. ಚಪ್ಪಲಿ ಹಾಕುವುದು, ದುಡ್ಡು ತೆಗೆದುಕೊಳ್ಳುವುದು, ರಸ್ತೆ ದಾಟುವುದು, ಕೇಳುವುದು, ಚಿಲ್ಲರೆ ಪಡೆಯುವುದು, ವಾಪಸ್ಸಾಗುವುದು. ಒಂದೊಂದನ್ನೂ ಚಿತ್ರ ಬರೆದು ಗೋಡೆಗೆ ಅಂಟಿಸಿ. ಮೊದಲು ಜೊತೆಯಲ್ಲಿ ಹೋಗಿ, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಬಾಗಿಲಲ್ಲಿ ನಿಂತು ನೋಡಿ. ತಿಂಗಳುಗಳು ಹಿಡಿಯಬಹುದು. ಹಿಡಿಯಲಿ.

ಇನ್ನು ಕಾಗದಪತ್ರದ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಪ್ರಮಾಣಪತ್ರದಲ್ಲಿ ಶೇ. 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ. 5 ಸೀಟು ಮೀಸಲು. 18 ತುಂಬಿದ ಮೇಲೂ ಆಸರೆ ಬೇಕಾದವರಿಗೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಮಟ್ಟದ ಸಮಿತಿ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. “ನಮ್ಮ ನಂತರ ಇವನ ಗತಿಯೇನು?” ಎಂದು ರಾತ್ರಿ ನಿದ್ದೆಗೆಡುವ ತಂದೆ ತಾಯಿಗೆ ಇದು ತಿಳಿದಿರಬೇಕು. ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.

ಮುಚ್ಚಿಟ್ಟರೆ ಇದಾವುದೂ ಸಿಗುವುದಿಲ್ಲ. ಅಕ್ಕನ ಮದುವೆಗಾಗಿ ತಮ್ಮನ ಬದುಕನ್ನು ಬಚ್ಚಿಡುವುದು ನ್ಯಾಯವಲ್ಲ. ಸತ್ಯ ತಿಳಿದೂ ಒಪ್ಪಿ ಬರುವ ಸಂಬಂಧವೇ ಆ ಹೆಣ್ಣುಮಗಳಿಗೂ ಒಳ್ಳೆಯದು. ಈ ವರ್ಷದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಈ ಮಕ್ಕಳ ಹೆಸರನ್ನೂ ಬರೆಯಿರಿ. ಪ್ರಮಾಣಪತ್ರ ಮಾಡಿಸಿಲ್ಲವೆಂದು ಹಿಂಜರಿಯಬೇಡಿ. ಅರ್ಜಿ ತುಂಬಲು, ಆಸ್ಪತ್ರೆಗೆ ಜೊತೆ ಬರಲು ನಾವು ನಿವೃತ್ತ ಶಿಕ್ಷಕರು ಸಿದ್ಧರಿದ್ದೇವೆ.