ಮಳವಳ್ಳಿಯ ಯುದ್ಧಕ್ಕೆ ಬಂದ ಬಾಡಿಗೆ ಹಡಗುಗಳು



ಮಳವಳ್ಳಿಗೂ ಕಡಲಿಗೂ ಎಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಿಯಾರು. ಮಂಡ್ಯ ಸೀಮೆಯವರಿಗೆ ನೀರೆಂದರೆ ಕಾವೇರಿ, ಶಿಂಷಾ, ಕೆರೆ, ನಾಲೆ. ಆದರೆ 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೈನ್ಯದ ಮೇಲೆ ಬಿದ್ದ ಪಡೆಯಲ್ಲಿದ್ದ ಬಿಳಿಯ ಸಿಪಾಯಿಗಳು ಸಮುದ್ರ ದಾಟಿಯೇ ಬಂದವರು. ಅವರ ಕಂಪನಿ ಯುದ್ಧ ನಡೆಸುತ್ತಿದ್ದುದು ಬಾಡಿಗೆ ಹಡಗುಗಳ ಬಲದಿಂದ.

ಈಸ್ಟ್ ಇಂಡಿಯಾ ಕಂಪನಿ ಸ್ವಂತ ಹಡಗು ಕಟ್ಟಿಸುವ ಗೋಜನ್ನು 17ನೇ ಶತಮಾನದಲ್ಲೇ ಹೆಚ್ಚುಕಡಿಮೆ ಬಿಟ್ಟುಬಿಟ್ಟಿತ್ತು. ಲಂಡನ್ನಿನ ಸಾಹುಕಾರರು ಪಾಲು ಹಾಕಿ ಹಡಗು ಕಟ್ಟಿಸುವರು. ಅವರ ಪರವಾಗಿ ವ್ಯವಹಾರ ನೋಡುವವನಿಗೆ ‘ಹಡಗಿನ ಗಂಡ’ ಎಂದೇ ಹೆಸರು! ಕಂಪನಿ ಅವನೊಡನೆ ಕರಾರು ಬರೆಯುತ್ತಿತ್ತು. ಟನ್ನಿಗೆ ಇಂತಿಷ್ಟು ಬಾಡಿಗೆ. ಗೊತ್ತಾದ ದಿನ ಮೀರಿ ತಡೆದು ನಿಲ್ಲಿಸಿದರೆ ದಿನವಹಿ ಪರಿಹಾರ. ಯುದ್ಧಕಾಲಕ್ಕೆ ಹೆಚ್ಚಿನ ದರ. ಒಮ್ಮೆ ಹೊಕ್ಕ ಮಾಲೀಕರು ಹಳೆಯ ಹಡಗು ಸವೆದರೆ ಬದಲಿಗೆ ಹೊಸದನ್ನು ತಂದು ನಿಲ್ಲಿಸುವುದನ್ನು ಪಿತ್ರಾರ್ಜಿತ ಹಕ್ಕಿನಂತೆ ನಡೆಸಿಕೊಂಡು ಬಂದರು. ಬಹಿರಂಗ ಟೆಂಡರಿನ ಪದ್ಧತಿ ಬಂದದ್ದು 1796ರಲ್ಲಿ. 500 ಟನ್ನಿನ ಹಡಗಿನಲ್ಲಿ ಪಾದ್ರಿಯೊಬ್ಬನಿರಬೇಕೆಂಬ ನಿಯಮವಿದ್ದುದರಿಂದ ಒಂದು ಕಾಲಕ್ಕೆ ಎಲ್ಲ ಹಡಗುಗಳೂ ಲೆಕ್ಕದಲ್ಲಿ 499 ಟನ್ನೇ!

ಈ ಏರ್ಪಾಡಿನ ಲಾಭ ಸ್ಪಷ್ಟ. ಬರುವಾಗ ಉಣ್ಣೆಬಟ್ಟೆಯ ಜೊತೆಗೆ ಸಿಪಾಯಿ, ಫಿರಂಗಿ, ಸೀಸ. ಹೋಗುವಾಗ ಮೆಣಸು, ಬಟ್ಟೆ, ಮದ್ದಿಗೆ ಬೇಕಾದ ಪೆಟ್ಲುಪ್ಪು. ಯುದ್ಧವಿಲ್ಲದಾಗ ಹಡಗನ್ನು ಸಾಕುವ ಖರ್ಚಿಲ್ಲ. ಮುಳುಗಿದರೆ ಹಡಗಿನ ನಷ್ಟ ಮಾಲೀಕರದು.

ಹಡಗಿನಲ್ಲಿದ್ದವರ ಪಾಡು ಬೇರೆ. 1798ರ ಆಗಸ್ಟಿನಲ್ಲಿ ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟು ಕಲ್ಕತ್ತೆಯಿಂದ ಮದರಾಸಿಗೆ ಹೊರಟ ‘ಫಿಟ್ಜ್‌ವಿಲಿಯಂ’ ಹೂಗ್ಲಿ ನದಿಯ ಮುಖದಲ್ಲಿ, ಸಾಗರ ದ್ವೀಪದ ಬಳಿ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಬಿಡಿಸಿದವರು ಸಿಪಾಯಿಗಳೇ. ಕುಡಿಯುವ ನೀರು ಕೆಟ್ಟದ್ದಾಗಿ ಆಮಶಂಕೆ ಹಿಡಿದು 15 ಜನ ಸತ್ತರು. ಉಳಿದವರು ಏಳು ತಿಂಗಳ ಮೇಲೆ ಮಳವಳ್ಳಿಯಲ್ಲಿ ಮೈಸೂರಿನ ಕಾಲಾಳುಗಳಿಗೆ ಎದುರಾದರು.

ಟಿಪ್ಪುವಿಗೆ ಕಡಲಿನ ಮಹತ್ವ ತಿಳಿಯದೆ ಇರಲಿಲ್ಲ. 1796ರಲ್ಲಿ 40 ಯುದ್ಧನೌಕೆಗಳ ಯೋಜನೆಯನ್ನೇ ಹಾಕಿದ್ದ. ಆದರೆ ಯುದ್ಧ ಬರುವ ಹೊತ್ತಿಗೆ ನೌಕಾಬಲ ಬಹುಪಾಲು ಕಾಗದದ ಮೇಲಿತ್ತು. ಮಾರಿಷಸ್ಸಿಗೆ ದೂತರನ್ನು ಕಳಿಸಿ ಫ್ರೆಂಚರ ನೆರವು ಕೇಳಿದ. 1798ರ ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ನೂರು ಮಂದಿಯೂ ಇಲ್ಲ. ಸ್ವಂತ ಹಡಗಿನ ಕನಸು ಕಂಡವನಿಗಿಂತ ಬಾಡಿಗೆ ಹಡಗಿನವನ ಕೈ ಮೇಲಾದದ್ದು ಇಲ್ಲಿ.

ಹಾಗೆಂದು ಹಡಗೊಂದೇ ಸಾಲದು. ಮದರಾಸಿನ ದಂಡೆಯಿಂದಾಚೆಗೆ ಎತ್ತು ಬೇಕು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೇ ಬಂದಿದ್ದರೂ ಎತ್ತುಗಳು ಸತ್ತು, ಎಳೆಯುವವರಿಲ್ಲದೆ, ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಹಾಳುಮಾಡಿ ಹಿಂದಿರುಗಿದ. ಅಷ್ಟು ದೂರ ಕಡಲಲ್ಲಿ ಬಂದ ಸರಕಿಗೂ ಮೇವಿಲ್ಲದಿದ್ದರೆ ಅದೇ ಗತಿ.

1799ರಲ್ಲಿ ಜನರಲ್ ಹ್ಯಾರಿಸ್ ಎತ್ತುಗಳನ್ನು ಕಂಟ್ರಾಕ್ಟುದಾರರಿಂದಲೂ ಧಾನ್ಯ ಸಾಗಿಸುವ ಲಂಬಾಣಿಗರಿಂದಲೂ ಕೂಡಿಸಿಕೊಂಡ. ಕಡಲಿನ ಬಾಡಿಗೆ ನೆಲದ ಮೇಲೂ ಮುಂದುವರಿಯಿತು. ಟಿಪ್ಪುವಿನ ಕುದುರೆ ಸವಾರರು ದಾರಿಯ ಮೇವನ್ನು ಸುಟ್ಟುಹಾಕುತ್ತಿದ್ದರು. ಮಳವಳ್ಳಿಯ ಕಾಳಗ ಮುಗಿದ ಮೇಲೆ ಹ್ಯಾರಿಸ್ ನೇರ ದಾರಿ ಹಿಡಿಯದೆ, ಮೇವು ಉಳಿದಿದ್ದ ಸೋಸಲೆಯ ಕಡೆಗೆ ತಿರುಗಿ ಕಾವೇರಿ ದಾಟಿದ. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು.