ಬಾನುಲಿಯ ಒಂದು ದಿನ

(ಕಟ್ಟಾಯದಲ್ಲಿ ಮಾಡಿದ ಭಾಷಣದ ಬರಹರೂಪ)



ರೇಡಿಯೋ ಎಂದೊಡನೆ ಇಂದಿನ ಹುಡುಗರಿಗೆ ನೆನಪಾಗುವುದು ಕಾರಿನಲ್ಲಿ ಕೇಳುವ ಸಿನಿಮಾ ಹಾಡು. ಆದರೆ ಮಾತನ್ನೇ ನೆಚ್ಚಿಕೊಂಡು, ಬೆಳಗಿನಿಂದ ರಾತ್ರಿಯವರೆಗೆ ಹತ್ತು ಬಗೆಯ ಕಾರ್ಯಕ್ರಮಗಳನ್ನು ಒಂದೇ ದಾರದಲ್ಲಿ ಪೋಣಿಸುವ ರೇಡಿಯೋ ಬೇರೆಯೇ ಇದೆ. ಅಂಥ ಒಂದು ದಿನದ ಬೆಲೆಯೇನು ಎಂಬುದಷ್ಟೇ ಇವತ್ತಿನ ನನ್ನ ಮಾತು.

ಈ ಬಗೆಯ ರೇಡಿಯೋಗೆ ಹೆಸರಾದದ್ದು ಬ್ರಿಟನ್ನಿನ ಬಿಬಿಸಿ ರೇಡಿಯೋ 4. ಈ ಹೆಸರು ಬಂದದ್ದು 1967ರ ಸೆಪ್ಟೆಂಬರ್ 30ರಂದು. ಅಲ್ಲಿ ಸುದ್ದಿಯ ಬೆನ್ನಿಗೆ ವಿಜ್ಞಾನದ ಮಾತುಕತೆ, ಮಹಿಳೆಯರ ಕಾರ್ಯಕ್ರಮ, ನಾಟಕ, ಹಾಸ್ಯ ಎಲ್ಲವೂ ಬರುತ್ತವೆ. ಹಡಗಿನವರಿಗಾಗಿ ಓದುವ ಹವಾಮಾನ ವರದಿಯನ್ನು ಕಡಲಿಗೆ ಇಳಿಯದವರೂ ಕಿವಿಗೊಟ್ಟು ಕೇಳುತ್ತಾರೆ. ‘ದಿ ಆರ್ಚರ್ಸ್’ ಎಂಬ ಹಳ್ಳಿಯ ಸಂಸಾರದ ಕಥೆ 1951ರ ಜನವರಿ 1ರಿಂದ ದೇಶವ್ಯಾಪಿಯಾಗಿ ಪ್ರಸಾರವಾಗುತ್ತ ಬಂದಿದೆ. ಮಹಾಯುದ್ಧದ ನಂತರ ಆಹಾರದ ಕೊರತೆಯಿದ್ದ ಕಾಲವದು. ರೈತರಿಗೆ ಬೇಸಾಯದ ಹೊಸ ವಿಷಯಗಳನ್ನು ಕಥೆಯೊಳಗೆ ಬೆರೆಸಿ ಹೇಳಬೇಕೆಂಬುದು ಅದರ ಮೊದಲ ಉದ್ದೇಶವಾಗಿತ್ತು.

ಇದನ್ನು ಕೇಳಿ ನಾವು ಬೆರಗಾಗಬೇಕಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದ್ದರು. ‘ಆಕಾಶವಾಣಿ’ ಎಂಬ ಚೆಂದದ ಹೆಸರು ಆ ಪುಟ್ಟ ನಿಲಯದ್ದು. ದೇಶದ ರೇಡಿಯೋಗೆ ಅದು ಅಧಿಕೃತವಾಗಿ ಬಂದದ್ದು ಆಮೇಲೆ. 1950ರಲ್ಲಿ ಧಾರವಾಡ ಕೇಂದ್ರ, 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಶುರುವಾದವು. ನಮ್ಮ ಜಿಲ್ಲೆಗೆ ಹಾಸನದಲ್ಲಿಯೇ ಎಫ್.ಎಂ. ಕೇಂದ್ರವಿದೆ.

ಹಳೆಯ ಆಕಾಶವಾಣಿಯ ದಿನಚರಿಯನ್ನು ಹಿರಿಯರು ಬಲ್ಲಿರಿ. ನಸುಕಿನಲ್ಲಿ ವಾಲ್ಟರ್ ಕೌಫ್‌ಮನ್ ಎಂಬ ಯುರೋಪಿನ ಸಂಗೀತಗಾರ 1936ರಲ್ಲಿ ರೂಪಿಸಿದ ಆರಂಭದ ರಾಗ, ವಂದೇ ಮಾತರಂ, ಮಂಗಳವಾದ್ಯ, ಚಿಂತನ. 1974ರಲ್ಲಿ ಸಂಸ್ಕೃತ ವಾರ್ತೆಯೂ ಸೇರಿಕೊಂಡಿತು. 7.05ಕ್ಕೆ ಬೆಂಗಳೂರಿನ ಪ್ರದೇಶ ಸಮಾಚಾರ, 7.35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ. ಎಷ್ಟೋ ಮನೆಗಳಲ್ಲಿ ಗಡಿಯಾರಕ್ಕೆ ಸಮಯ ಕೂಡಿಸುತ್ತಿದ್ದುದು, ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದುದು ಈ ವಾರ್ತೆಗಳನ್ನು ನೋಡಿಕೊಂಡೇ. ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ, ಸಂಜೆ ಯುವಕರದು, ಬಳಿಕ ಕೃಷಿರಂಗ, ರಾತ್ರಿ ನಾಟಕ ಅಥವಾ ಕಛೇರಿ. ಬೆಂಗಳೂರು ಕೇಂದ್ರದ ಎ.ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಹಳ್ಳಿಹಳ್ಳಿಗೂ ಪರಿಚಿತರಾದರು. ಇಂಗ್ಲೆಂಡಿನ ಆರ್ಚರ್ ಸಂಸಾರ ಮಾಡಿದ ಕೆಲಸವನ್ನು ನಮ್ಮ ಈರಣ್ಣ ತನ್ನದೇ ಮಾತಿನಲ್ಲಿ ಮಾಡಿದ. ನಿಮ್ಮ ನೆರೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಬದುಕನ್ನು ಪುಸ್ತಕಕ್ಕೆ ತಂದರು. ರೇಡಿಯೋ ಹಳ್ಳಿಯ ಮಾತನ್ನು ಬಾನಿಗೇರಿಸಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಥ ದಿನದ ನಿಜವಾದ ಗುಣ ಯಾವುದು? ನಾವು ಬಯಸದೇ ಇದ್ದದ್ದೂ ನಮ್ಮ ಕಿವಿಗೆ ಬೀಳುತ್ತಿತ್ತು. ವಾರ್ತೆಗೆಂದು ರೇಡಿಯೋ ಹಚ್ಚಿದವರು ಅದರ ಹಿಂದೆಯೇ ಬಂದ ವೀಣಾವಾದನ ಕೇಳಿದರು. ನಾಟಕಕ್ಕೆ ಕಾದು ಕುಳಿತ ಗೃಹಿಣಿ ರಸಗೊಬ್ಬರದ ಲೆಕ್ಕ ಕಲಿತಳು. ಪಟ್ಟಣದ ಗುಮಾಸ್ತನಿಗೆ ಕೊಟ್ಟಿಗೆಯ ಕಷ್ಟ ತಿಳಿಯಿತು. ಒಬ್ಬರ ಪಾಲಿನದು ಇನ್ನೊಬ್ಬರಿಗೂ ದಕ್ಕಿತು. ಆಕಾಶವಾಣಿಯ ಧ್ಯೇಯವಾಕ್ಯ ‘ಬಹುಜನ ಹಿತಾಯ ಬಹುಜನ ಸುಖಾಯ’. ಅದರ ಅರ್ಥ ಕಾಣುವುದು ಈ ಬೆರಕೆಯಲ್ಲಿಯೇ.

ಇಂದು ಮೊಬೈಲು ನಮ್ಮ ರುಚಿಯನ್ನು ಬೇಗ ಅರಿತುಕೊಳ್ಳುತ್ತದೆ. ನಿನ್ನೆ ನೋಡಿದ್ದನ್ನೇ ಇವತ್ತೂ ಮುಂದಿಡುತ್ತದೆ. ಅದರಿಂದ ಅನುಕೂಲವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ಮನೆಯ ನಾಲ್ವರು ನಾಲ್ಕು ಪರದೆಗಳಲ್ಲಿ ಮುಳುಗಿದಾಗ, ಕೂಡಿ ಕೇಳಿದ ಮಾತು ಎಂಬುದೇ ಉಳಿಯುವುದಿಲ್ಲ. ಕೂಡಿ ಕೇಳಿದ್ದನ್ನು ಕುರಿತು ಮಾತ್ರ ಕೂಡಿ ಮಾತಾಡಲು ಸಾಧ್ಯ.

ಬೇಸಾಯದ ದೃಷ್ಟಿಯಿಂದಲೂ ನೋಡಿ. ಹಾಸನದ ಸೀಮೆಗೆ ಆಲೂಗಡ್ಡೆ ಹೆಸರು ತಂದ ಬೆಳೆ. ಮುಂಗಾರಿನಲ್ಲಿ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಹೊಲವನ್ನೇ ಸುಡುತ್ತದೆ. ರೋಗ ಹಬ್ಬುವ ಮೊದಲೇ ಔಷಧಿ ಹೊಡೆಯಬೇಕು. ಎಲೆ ಕಪ್ಪಾದ ಮೇಲೆ ಓಡಾಡಿ ಫಲವಿಲ್ಲ. ಅಂಥ ಹೊತ್ತಿನಲ್ಲಿ, ಯಾವ ಕಂಪನಿಯ ಔಷಧಿಯನ್ನೂ ಮಾರುವ ಹಂಗಿಲ್ಲದ ಒಂದು ದನಿ, ನಮ್ಮ ಜಿಲ್ಲೆಯ ಮೋಡವನ್ನು ಬಲ್ಲ ದನಿ, ಸಮಯಕ್ಕೆ ಸರಿಯಾಗಿ ಎಚ್ಚರಿಸಿದರೆ ಅದು ದೊಡ್ಡ ಉಪಕಾರ. ಮೊಬೈಲಿನಲ್ಲಿ ಬರುವ ನೂರು ಸಲಹೆಗಳಲ್ಲಿ ಯಾವುದು ತಿಳಿದವರದು, ಯಾವುದು ಮಾರುವವರದು ಎಂದು ವಿಂಗಡಿಸುವುದು ಸುಲಭವಲ್ಲ.

ಇಂಥ ದನಿಗಳು ತಾವಾಗಿಯೇ ಉಳಿಯುವುದಿಲ್ಲ. 1988ರಲ್ಲಿ ಆರಂಭವಾದ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯನ್ನು ಮುಚ್ಚುವ ಆದೇಶ 2018ರ ಡಿಸೆಂಬರಿನಲ್ಲಿ ಬಂತು. ವೆಚ್ಚವನ್ನು ಲೆಕ್ಕ ಹಾಕುವುದು ಸುಲಭ. ರಾತ್ರಿ ಯಾವ ಹಳ್ಳಿಯಲ್ಲಿ ಯಾರು ಕೇಳುತ್ತಿದ್ದರೆಂದು ಲೆಕ್ಕ ಹಾಕುವುದು ಕಷ್ಟ. ಕೇಳುಗರು ಮೌನವಾಗಿದ್ದರೆ, ಕೇಳುವವರೇ ಇಲ್ಲವೆಂದು ಮೇಲಿನವರು ತಿಳಿದುಕೊಳ್ಳುತ್ತಾರೆ.

1980ರ ದಶಕದವರೆಗೂ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಶುಲ್ಕ ಹೋಯಿತು. ಕೇಳುಗರ ಹೊಣೆ ಹೋಗಿಲ್ಲ. ಕಾರ್ಯಕ್ರಮ ಹಿಡಿಸಿದರೆ ಹಿಡಿಸಿತೆಂದೂ, ಹಿಡಿಸದಿದ್ದರೆ ಇಲ್ಲವೆಂದೂ ಒಂದು ಕಾಗದ ಬರೆಯಿರಿ. ನಿಮ್ಮೂರ ಸೋಬಾನೆ ಹಾಡುವ ಅಜ್ಜಿಯರ ದನಿಯನ್ನು ಮುದ್ರಿಸಿಕೊಳ್ಳಿ ಎಂದು ಕೇಂದ್ರದವರನ್ನು ಕರೆಯಿರಿ. ಆಲೂಗಡ್ಡೆ ಬಿತ್ತುವ ಮೊದಲೇ ಆಲೂಗಡ್ಡೆಯ ಮಾತು ಬರಲಿ ಎಂದು ಕೇಳಿ. ಸಾರ್ವಜನಿಕರ ಹಣದಲ್ಲಿ ನಡೆಯುವ ರೇಡಿಯೋದಿಂದ ಇಷ್ಟನ್ನು ಬಯಸುವುದು ನಿಮ್ಮ ಹಕ್ಕು.